ಸಾಲಗಾಮೆ ರಸ್ತೆಯ ಶಿಶುಪಾಲನಾ ಕೇಂದ್ರ: ಓದುವ ತಾಯಂದಿರಿಗೆ ಎಷ್ಟು ಅನುಕೂಲ?

ಅಂಗನವಾಡಿಯಲ್ಲಿ ಮಕ್ಕಳನ್ನು ಕೂರಿಸಿಕೊಳ್ಳುವುದು 3 ವರ್ಷ ತುಂಬಿದ ಮೇಲೆ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯು 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಸೌಲಭ್ಯವನ್ನು ಕಡ್ಡಾಯಗೊಳಿಸಿದೆಯಾದರೂ ಅದು ನೌಕರರಿಗೇ ಹೊರತು ವಿದ್ಯಾರ್ಥಿನಿಯರಿಗಲ್ಲ. ಹೀಗಾಗಿ ಹಾಸನದಲ್ಲಿ ಬಿ.ಎಡ್. ಓದುತ್ತಿರುವ ನನಗೆ, ಏಳು ತಿಂಗಳ ಮಗಳನ್ನು ಬಿಡಲು ಈ ಖಾಸಗಿ ಕೇಂದ್ರವೇ ಗತಿಯಾಯಿತು.

ಇಲ್ಲಿನ ಆಯಾಗಳ ಅಚ್ಚುಕಟ್ಟುತನ ಮೆಚ್ಚುವಂಥದ್ದು. ಹಿಂಡಿಕೊಟ್ಟ ಎದೆಹಾಲಿನ ಬಾಟಲಿಗೆ ಹೆಸರು, ಹೊತ್ತು ಬರೆದ ಚೀಟಿ ಅಂಟಿಸಿ ಫ್ರಿಜ್ಜಿನಲ್ಲಿಡುತ್ತಾರೆ. ಕುಡಿಸುವ ಮುನ್ನ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಬೆಚ್ಚಗಾಗಿಸುತ್ತಾರೆಯೇ ವಿನಾ ಒಲೆಯ ಮೇಲಿಡುವುದಿಲ್ಲ, ಕುಡಿದು ಉಳಿದದ್ದನ್ನು ಮತ್ತೆ ಕೊಡುವುದೂ ಇಲ್ಲ. ರಾಗಿ ಸರಿಯಲ್ಲಿ ಒಂದು ಗಂಟೂ ಇರುವುದಿಲ್ಲ. ನಮ್ಮ ಅತ್ತೆಯವರೇ ಒಪ್ಪಿದ ಮೇಲೆ ನಾನು ಹೆಚ್ಚು ಹೇಳಬೇಕಿಲ್ಲ.

ಆದರೆ ವೇಳೆಯ ವಿಷಯದಲ್ಲಿ ಬಲು ಬಿಗಿ. ಸಂಜೆ ನಾಲ್ಕೂವರೆ ದಾಟಿದರೆ ಹೆಚ್ಚುವರಿ ಶುಲ್ಕ ತೆರಬೇಕಾಗಿದ್ದು, ಬೋಧನಾ ಅಭ್ಯಾಸಕ್ಕೆ ದೂರದ ಶಾಲೆಗಳಿಗೆ ಹೋಗುವ ದಿನಗಳಲ್ಲಿ ಇದು ಹೊರೆಯೇ ಸರಿ. ಪರೀಕ್ಷೆಗೆ ಮುಂಚಿನ ಓದಿನ ರಜೆಯಲ್ಲಿ ಅರ್ಧ ದಿನದ ದರ ಕೇಳಿದರೂ ಒಪ್ಪಲಿಲ್ಲ. ಜ್ವರ ಬಂದ ಮಗುವನ್ನು ಬಿಟ್ಟುಕೊಳ್ಳುವುದಿಲ್ಲವೆಂಬ ನಿಯಮ ನ್ಯಾಯವಾದದ್ದೇ ಆದ್ದರಿಂದ, ಇಲ್ಲಿಗೆ ಸೇರಿಸುವವರು ಅಂಥ ದಿನಗಳಿಗೆ ಮನೆಯಲ್ಲೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಒಳ್ಳೆಯದು.