100 ಲೀಟರ್ ಹಂಡೆ ಹೋಗಿ 50ರ ಬಾಯ್ಲರ್ ಬಂತು: ನೀರಿಗೆ ಸೈ, ಬಟ್ಟೆಗೆ?

ಸೌದೆ ಉರಿಸುವ 50 ಲೀಟರ್ ತಾಮ್ರದ ಬಾಯ್ಲರ್ ನಮ್ಮ ಬಚ್ಚಲುಮನೆಗೆ ಬಂದು ಒಂದು ಚಳಿಗಾಲ, ಒಂದು ಮಳೆಗಾಲ ಎರಡೂ ಆಯಿತು. ಸ್ನಾನದ ನೀರಿಗೆ ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಜೂನ್‌ನಲ್ಲಿ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ಹಳೇ ಹಂಡೆ 100 ಲೀಟರಿನದು. ತಳ ತೂತಾಗಿ ಒಲೆಗೆ ನೀರು ಜಿನುಗುತ್ತಿತ್ತು. ಅಂಗಡಿಯವರು "ಹಂಡೆ ನೂರರದ್ದಾ? ಹಾಗಾದ್ರೆ ಬಾಯ್ಲರೂ ನೂರರದ್ದೇ ಹಾಕ್ಸಿ" ಅಂದರು. ಆ ಹಂಡೆ ಕೂರಿಸಿದ ಕಾಲದಲ್ಲಿ ಮನೆ ತುಂಬ ಜನ. ಈಗ ಐದೇ ಜನ. ತಾಮ್ರವೋ ತೂಕಕ್ಕೆ ಮಾರುವ ಮಾಲು, ಸೈಜು ಏರಿದಷ್ಟೂ ದುಡ್ಡು ಜಾಸ್ತಿ. ಹಾಗಾಗಿ ಹಂಡೆ ಬಿಟ್ಟು ಬಕೆಟ್ ಲೆಕ್ಕ ಹಿಡಿದೆ.

ಚಳಿಗಾಲದಲ್ಲಿ ಅಬ್ಬಿ ನೀರು, ಅಂದರೆ ಗುಡ್ಡದಿಂದ ಹರಿದು ಬರುವ ನೀರು, 20 ಡಿಗ್ರಿ ಅಂತ ಇಟ್ಟುಕೊಳ್ಳಿ. ಮೈಗೆ ಹೊಯ್ಯುವ ನೀರು 40 ಇದ್ದರೆ ಸಾಕು. ಬಾಯ್ಲರಿನಲ್ಲಿ 70ಕ್ಕೆ ಕಾದ 50 ಲೀಟರಿಗೆ 75 ಲೀಟರ್ ತಣ್ಣೀರು ಬೆರೆಸಬಹುದು. ಒಟ್ಟು 125 ಲೀಟರ್, 20 ಲೀಟರಿನ ಆರು ಬಕೆಟ್. ಕೆಳಗಿಂದ ತಣ್ಣೀರು ಒಳಗೆ ಹೋದರೇ ಮೇಲಿಂದ ಬಿಸಿನೀರು ಬರುವುದು, ಎರಡೂ ಸ್ವಲ್ಪ ಬೆರೆಯುತ್ತವೆ, ಹಾಗಾಗಿ ಪೂರ್ತಿ ಆರು ಸಿಗುವುದಿಲ್ಲ. ಆದರೆ ಒಲೆ ಉರಿಯುತ್ತಲೇ ಇರುತ್ತದಲ್ವಾ, ಐವರಿಗೆ ಕಡಿಮೆ ಬಿದ್ದಿಲ್ಲ. ಬಾಯ್ಲರಿನ 50 ಲೀಟರ್ 20ರಿಂದ 70ಕ್ಕೆ ಕಾಯಲು ಹೆಚ್ಚುಕಡಿಮೆ 3 ಯೂನಿಟ್ ಕರೆಂಟಿನಷ್ಟು ಶಾಖ ಬೇಕು. 100 ಲೀಟರಾದರೆ 6. ಮಿಕ್ಕ ನೀರು ಸುಮ್ನೆ ಆರಿಹೋಗುತ್ತದೆ, ಅದಕ್ಕೆ ಉರಿಸಿದ ಸೌದೆ ದಂಡ.

ಬೆಳಿಗ್ಗೆ ಒಲೆ ಹಚ್ಚುವುದು ಅಪ್ಪ. ಮೊದಲು ಬೂದಿ ಕೆದಕಿ ತೋಟಕ್ಕೆ ಅಂತ ಡಬ್ಬಕ್ಕೆ ತುಂಬುತ್ತಾರೆ. ಕೆಳಗೆ ಒಣಗಿದ ಅಡಿಕೆ ಹಾಳೆಯ ಚೂರು, ಮೇಲೆ ಒಂದು ಮೊರ ಅಡಿಕೆ ಸಿಪ್ಪೆ, ನಡುವೆ ಒಂದೆರಡು ಕರಟ. ಕಡ್ಡಿ ಗೀರಿದರೆ ಹಾಳೆ ಚಟಪಟ ಅನ್ನುತ್ತದೆ. ಆಮೇಲೆ ಬಾಯ್ಲರಿನ ನಡುವೆ ಇರುವ ಹೊಗೆ ಕೊಳವೆ ಗಾಳಿ ಎಳೆದು ಭರ್ ಅಂತ ಸದ್ದು. ಅದು ಕೇಳಿಸಿದರೆ ಇನ್ನು ಊದುವ ಕೆಲಸ ಇಲ್ಲ. ಕಾಫಿ ಕುಡಿದು ಪೇಪರ್ ತಿರುವಿ ಹಾಕುವಷ್ಟರಲ್ಲಿ ಮೊದಲ ಬಕೆಟ್ ಸಿದ್ಧ. ಅಡಿಕೆ ಸುಲಿದ ಮೇಲೆ ಕೊಟ್ಟಿಗೆ ಹಿಂದೆ ರಾಶಿ ಬೀಳುತ್ತಿದ್ದ ಸಿಪ್ಪೆಯಲ್ಲೇ ಐದು ಜನರ ಸ್ನಾನ ಆಗುತ್ತದೆ ಅಂತ ನಾನು ಅಂದುಕೊಂಡಿರಲೇ ಇಲ್ಲ. ಕೊಟ್ಟ ದುಡ್ಡಿಗೆ ಸಿಕ್ಕ ದೊಡ್ಡ ಖುಷಿ ಇದೇ.

ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆ ಬಚ್ಚಲ ಒಲೆ ಬರೀ ನೀರಿಗಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಹಂಡೆ ಒಲೆಗೆ ರಾತ್ರಿ ಒಂದು ಕುಂಟೆ, ಅಂದರೆ ದಪ್ಪ ಮರದ ತುಂಡು, ತಳ್ಳಿದರೆ ಬೆಳಗಿನವರೆಗೂ ಕೆಂಡ. ಗೋಡೆ ಬೆಚ್ಚಗಿರುತ್ತಿತ್ತು, ಮೇಲೆ ಕಟ್ಟಿದ ಬಿದಿರ ಗಳುವಿನ ಮೇಲೆ ಯೂನಿಫಾರಂ, ಟವೆಲ್, ಕಂಬಳಿ ಎಲ್ಲ ಒಣಗುತ್ತಿತ್ತು. ಈ ಬಾಯ್ಲರಿನ ಬಾಯಿ ಒಂದು ಗೇಣೂ ಇಲ್ಲ. ಕುಂಟೆ ಹೋಗುವುದೇ ಇಲ್ಲ. ಸಿಪ್ಪೆ ಬೆಂಕಿ ಬೇಗ ಹತ್ತಿ ಬೇಗ ಆರುತ್ತದೆ. ಶಾಖ ನೀರಿಗೆ, ಮಿಕ್ಕಿದ್ದು ಹೊಗೆ ಜೊತೆ ಸೂರಿನಾಚೆಗೆ. ಮಗಳ ಯೂನಿಫಾರಂ ಮುಟ್ಟಿದರೆ ಜೇಬಿನ ಅಡಿ, ಕಾಲರಿನ ಮಡಿಕೆ ಹಸಿ ಹಸಿ. ಮುಗ್ಗಲು ವಾಸನೆ ಬೇರೆ. ಇಸ್ತ್ರಿ ಹಾಕಿ ಒಣಗಿಸೋಣ ಅಂದರೆ ಲೈನಿನ ಮೇಲೆ ಮರ ಬಿದ್ದು ಕರೆಂಟಿಲ್ಲ. "ನೀರು ಕಾಯ್ತು ಮಾರಾಯ, ಬಟ್ಟೆ ಎಲ್ಲಿ ಒಣಗ್ಸೋದು?" ಅಂತ ಅಮ್ಮ ಕೇಳಿದರೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಷ್ಟು ಮಾರುವ ಅಂಗಡಿಯವರು ಈ ಮಾತನ್ನು ಯಾಕೆ ಎತ್ತುವುದಿಲ್ಲವೋ.

100ರದ್ದು ತಂದಿದ್ದರೂ ಇದು ತೀರುತ್ತಿರಲಿಲ್ಲ. ಅದೂ ನೀರು ಕಾಯಿಸುತ್ತದೆ, ಬಚ್ಚಲುಮನೆಯನ್ನಲ್ಲ. ಪುಣ್ಯಕ್ಕೆ ಹಳೇ ಮಣ್ಣಿನ ಒಲೆ ಕಿತ್ತಿರಲಿಲ್ಲ. ಮಳೆಗಾಲ ಪೂರ್ತಿ ಅದಕ್ಕೆ ಕುಂಟೆ ಇಟ್ಟು, ಮೇಲೆ ದನಗಳ ಅಕ್ಕಚ್ಚಿನ ಪಾತ್ರೆ ಕೂರಿಸಿದೆವು. ಗಳುವಿಗೆ ಬಟ್ಟೆ ಮತ್ತೆ ಬಂತು.

ನಿಮ್ಮದೂ ಐದಾರು ಜನರ ಮನೆಯಾದರೆ 50 ಧಾರಾಳ ಸಾಕು. ನೀರು ತುಂಬುವ ಹಬ್ಬದ ಮರುದಿನ ನೆಂಟರೆಲ್ಲ ಎಣ್ಣೆ ಹಚ್ಚಿ ಕೂತಾಗ ನಡುವೆ ಸ್ವಲ್ಪ ಕಾಯಬೇಕಾಗುತ್ತದೆ, ಕಾಯಿರಿ. ಹಳೇ ಒಲೆ ಒಡೆಯಬೇಡಿ. ಜಾಗ ಇಲ್ಲ, ಒಂದೇ ಒಲೆ ಸಾಧ್ಯ ಅನ್ನುವವರು ಬಾಯ್ಲರ್ ಆಸೆ ಬಿಟ್ಟು ಹೊಸ ಹಂಡೆಯನ್ನೇ ಕೂರಿಸಿ. ಇನ್ನೊಂದು, ಬಿಸಿನೀರು ಹೊರಬರುವ ಕೊಳವೆಗೆ ಯಾರು ಹೇಳಿದರೂ ನಲ್ಲಿ ಹಾಕಿಸಬೇಡಿ. ನಲ್ಲಿ ಇರಬೇಕಾದ್ದು ತಣ್ಣೀರು ಒಳಹೋಗುವ ಕಡೆ. ಹಬೆಗೆ ದಾರಿ ಮುಚ್ಚಿದರೆ ಬಾಯ್ಲರ್ ಸಿಡಿಯುತ್ತದೆ.