ಕಂಪನಿ ಸ್ಟೀರಿಯೊ ಉಳಿಸಿಕೊಂಡು ಸಬ್‌ವೂಫರ್, ಆಂಪ್ಲಿಫೈಯರ್ ಹಾಕಿಸಿ ಮೂರು ವರ್ಷ

ಕಾರಿನ ಜೊತೆ ಬಂದ ಸ್ಟೀರಿಯೊ ಕಿತ್ತುಹಾಕುವ ಮನಸ್ಸು ನನಗೆ ಇರಲಿಲ್ಲ. ಸ್ಟೀರಿಂಗ್ ಮೇಲಿನ ಬಟನ್, ರಿವರ್ಸ್ ಕ್ಯಾಮೆರಾ, ಫೋನ್ ಕರೆ, ಎಲ್ಲವೂ ಅದರ ಜೊತೆಗೇ ಬೆಸೆದುಕೊಂಡಿವೆ. ಆದರೆ ಹಾಡು ಹಾಕಿದರೆ ಕೆಳಗಿನ ಸ್ವರಗಳೇ ಇರುತ್ತಿರಲಿಲ್ಲ. ಬೇಸ್ ಗಿಟಾರ್ ನುಡಿಸುತ್ತಿದ್ದಾರೆ ಅಂತ ಊಹೆ ಮಾಡಿಕೊಳ್ಳಬೇಕಿತ್ತು. ತಬಲಾದ ಎಡಗೈ ಪೆಟ್ಟು ರಟ್ಟಿನ ಡಬ್ಬ ಬಡಿದ ಹಾಗೆ ಕೇಳುತ್ತಿತ್ತು. ಬಾಗಿಲಿನೊಳಗಿನ ಆರೂವರೆ ಇಂಚಿನ ಸ್ಪೀಕರ್‌ನಿಂದ 40 ಹರ್ಟ್ಜ್‌ನಷ್ಟು (ಸೆಕೆಂಡಿಗೆ 40 ಕಂಪನ) ಕೆಳಗಿನ ಸ್ವರ ಬರಲಿ ಅಂದರೆ ಎಲ್ಲಿಂದ ಬರಬೇಕು ಹೇಳಿ.

ಹಾಗಾಗಿ ಹಿಂದೆ ಡಿಕ್ಕಿಯಲ್ಲಿ ಮುಚ್ಚಿದ ಪೆಟ್ಟಿಗೆಯ 10 ಇಂಚಿನ ಒಂದು ಸಬ್‌ವೂಫರ್, ಅಂದರೆ ಕೆಳಗಿನ ಸ್ವರಗಳಿಗೆಂದೇ ಇರುವ ಸ್ಪೀಕರ್, ಹಾಕಿಸಿದೆ. ಅದಕ್ಕೆ 2 ಓಮ್‌ನಲ್ಲಿ 300 ವ್ಯಾಟ್ ಆರ್‌ಎಂಎಸ್ ಕೊಡುವ ಕ್ಲಾಸ್ ಡಿ ಮೊನೊ (ಒಂದೇ ಚಾನೆಲ್‌ನ) ಆಂಪ್ಲಿಫೈಯರ್, ಅಂದರೆ ಸಿಗ್ನಲ್‌ಗೆ ಬಲ ಕೊಡುವ ಪೆಟ್ಟಿಗೆ. ಒಂದು ವರ್ಷ ಬಿಟ್ಟು ಬಾಗಿಲಿನ ಸ್ಪೀಕರ್‌ಗಳಿಗೆ ಅಂತ ಚಾನೆಲ್‌ಗೆ 50 ವ್ಯಾಟ್‌ನ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಕೂಡ ಸೇರಿಸಿದೆ. ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವ ಪೀಕ್ ವ್ಯಾಟ್ ನೋಡಬೇಡಿ. ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ಶಕ್ತಿ) ಎಷ್ಟು, ಎಷ್ಟು ಓಮ್‌ಗೆ (ಸ್ಪೀಕರ್‌ನ ವಿದ್ಯುತ್ ತಡೆ) ಅನ್ನುವುದಷ್ಟೇ ಲೆಕ್ಕ.

ಮೊದಲ ತೊಡಕು ಸಿಗ್ನಲ್‌ದು. ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುವ ಆರ್‌ಸಿಎ ಔಟ್‌ಪುಟ್ ನನ್ನ ಸ್ಟೀರಿಯೊ ಹಿಂದೆ ಇಲ್ಲ. ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತಗೋಬೇಕು. ಅದಕ್ಕೆ ಆ ಸಿಗ್ನಲ್ ಅನ್ನು ಆರ್‌ಸಿಎ ಮಟ್ಟಕ್ಕೆ ಇಳಿಸುವ ಲೈನ್ ಔಟ್‌ಪುಟ್ ಕನ್ವರ್ಟರ್ ಬೇಕು, ಇಲ್ಲವೇ ಸ್ಪೀಕರ್ ವೈರನ್ನೇ ನೇರವಾಗಿ ಜೋಡಿಸಬಹುದಾದ ಹೈ ಲೆವೆಲ್ ಇನ್‌ಪುಟ್ ಇರುವ ಆಂಪ್ಲಿಫೈಯರ್ ಬೇಕು. ನಾನು ಎರಡನೆಯದನ್ನು ಆರಿಸಿಕೊಂಡೆ. ವೈರ್ ಕತ್ತರಿಸಲಿಲ್ಲ, ನಡುವೆ ಕೂರುವ ಪ್ಲಗ್ ಹಾರ್ನೆಸ್ ಹಾಕಿಸಿದೆ. ನಾಳೆ ಬೇಡ ಅನಿಸಿದರೆ ಕಿತ್ತು ಮೊದಲಿನ ಹಾಗೇ ಜೋಡಿಸಬಹುದು.

ಆದರೂ ಮೊದಲ ತಿಂಗಳು ಒಂದು ವಿಷಯ ಕಾಡುತ್ತಿತ್ತು. ಕಡಿಮೆ ವಾಲ್ಯೂಮ್‌ನಲ್ಲಿ ಬೇಸ್ ತುಂಬಿಕೊಂಡಿರುತ್ತಿತ್ತು. ವಾಲ್ಯೂಮ್ ಏರಿಸಿದಂತೆ ಹಾಡು ಜೋರಾಗುತ್ತಿತ್ತು, ಬೇಸ್ ಮಾತ್ರ ಹಿಂದೆ ಉಳಿಯುತ್ತಿತ್ತು. ಸಬ್ ಸರಿಯಿಲ್ಲವೇನೋ ಅಂದುಕೊಂಡೆ. ಒಂದು ಸಂಜೆ ಮಲ್ಟಿಮೀಟರ್ ಹಿಡಿದು ಕೂತೆ. 50 ಹರ್ಟ್ಜ್ ಟೋನ್ ಹಾಕಿ, ಸ್ಪೀಕರ್ ವೈರಿನ ಎಸಿ ವೋಲ್ಟೇಜ್ ನೋಡುತ್ತಾ ವಾಲ್ಯೂಮ್ ಒಂದೊಂದೇ ಹೆಜ್ಜೆ ಏರಿಸಿದೆ. ನನ್ನ ಸ್ಟೀರಿಯೊದಲ್ಲಿ 30 ಹೆಜ್ಜೆ ಇವೆ. 20ರವರೆಗೆ ಮೀಟರ್ ಚೆನ್ನಾಗಿ ಏರಿತು. ಆಮೇಲೆ ಹೆಚ್ಚುಕಮ್ಮಿ ಅಲ್ಲೇ ನಿಂತಿತು. 1000 ಹರ್ಟ್ಜ್ ಟೋನ್ ಹಾಕಿದರೆ 20 ದಾಟಿದ ಮೇಲೂ ಏರುತ್ತಲೇ ಇತ್ತು. ಆಗ ವಿಷಯ ತಿಳಿಯಿತು. ಬಾಗಿಲಿನ ಸಣ್ಣ ಸ್ಪೀಕರ್ ಹರಿದುಹೋಗದಿರಲಿ ಅಂತ ಸ್ಟೀರಿಯೊನೇ ಬೇಸ್ ಕತ್ತರಿಸುತ್ತಿತ್ತು. ಕಂಪನಿ ಸ್ಟೀರಿಯೊಗಳಲ್ಲಿ ಇದು ಸಾಮಾನ್ಯ. ಇದನ್ನು ಸರಿಪಡಿಸುವ ಪ್ರೊಸೆಸರ್‌ಗಳೂ ಸಿಗುತ್ತವೆ. ನಾನು ಅದನ್ನು ಕೊಳ್ಳಲಿಲ್ಲ. 20ನೇ ಹೆಜ್ಜೆಯೇ ನನ್ನ ಗರಿಷ್ಠ ಅಂತ ಇಟ್ಟುಕೊಂಡು ಎಲ್ಲವನ್ನೂ ಅದಕ್ಕೆ ಹೊಂದಿಸಿದೆ.

ಹೊಂದಿಸುವುದು ಅಂದರೆ ಗೇನ್. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಯಾಕೆಂದರೆ ನಾನು ನೋಡಿದ ಸುಟ್ಟ ಸಬ್‌ಗಳೆಲ್ಲ ಇಲ್ಲೇ ಎಡವಿದ್ದವು. ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೊ ಕೊಡುವ ಸಿಗ್ನಲ್‌ಗೂ ಆಂಪ್ಲಿಫೈಯರ್‌ನ ಪೂರ್ತಿ ಶಕ್ತಿಗೂ ತಾಳೆ ಹಾಕುವ ತಿರುಪು ಅದು. ಅತಿಯಾಗಿ ತಿರುಗಿಸಿದರೆ ಸಿಗ್ನಲ್ ಕ್ಲಿಪ್ ಆಗುತ್ತದೆ. ಅಲೆಯ ನೆತ್ತಿ ಕತ್ತರಿಸಿ ಚಪ್ಪಟೆಯಾಗುತ್ತದೆ. ಆಗ ಸ್ಪೀಕರ್ ಒಳಗಿನ ತಂತಿ ಸುರುಳಿ (ವಾಯ್ಸ್ ಕಾಯಿಲ್) ಕಾದು ಸುಡುತ್ತದೆ.

ಲೆಕ್ಕ ಸುಲಭ. ವ್ಯಾಟ್ ಅನ್ನು ಓಮ್‌ನಿಂದ ಗುಣಿಸಿ, ವರ್ಗಮೂಲ ತೆಗೆಯಿರಿ. ನನ್ನದಕ್ಕೆ 300 ಗುಣಿಸು 2 ಅಂದರೆ 600, ಅದರ ವರ್ಗಮೂಲ ಸುಮಾರು 24.5 ವೋಲ್ಟ್. ಸಬ್‌ನ ವೈರ್ ಬಿಚ್ಚಿದೆ. ಬೇಸ್ ಬೂಸ್ಟ್ ಸೊನ್ನೆ ಮಾಡಿದೆ. ಸ್ಟೀರಿಯೊ 20ರಲ್ಲಿಟ್ಟು 50 ಹರ್ಟ್ಜ್ ಟೋನ್ ಹಾಕಿ, ಆಂಪ್ಲಿಫೈಯರ್ ಔಟ್‌ಪುಟ್‌ಗೆ ಹಿಡಿದ ಮೀಟರ್ 24.5 ತೋರಿಸುವವರೆಗೆ ಗೇನ್ ತಿರುಗಿಸಿದೆ. ಆ ತಿರುಪು ಅರ್ಧ ಸುತ್ತೂ ಹೋಗಲಿಲ್ಲ. ಫಿಟ್ಟಿಂಗ್ ಮಾಡಿದವರು ಅದನ್ನು ಮುಕ್ಕಾಲಿನವರೆಗೆ ತಿರುಗಿಸಿಟ್ಟಿದ್ದರು.

ಅದೇ ಫಿಟ್ಟಿಂಗ್‌ನಲ್ಲಿ ಇನ್ನೊಂದು ತಪ್ಪೂ ಇತ್ತು. ಎರಡು ದಿನ ನಿಲ್ಲಿಸಿದ್ದ ಕಾರು ಮೂರನೇ ಬೆಳಗ್ಗೆ ಸ್ಟಾರ್ಟ್ ಆಗಲಿಲ್ಲ. ಬ್ಯಾಟರಿ ಪೂರ್ತಿ ಇಳಿದಿತ್ತು. ನೋಡಿದರೆ ಆಂಪ್ಲಿಫೈಯರ್ ಎಚ್ಚರಗೊಳಿಸುವ ರಿಮೋಟ್ ವೈರ್ ಅನ್ನು ಸದಾ 12 ವೋಲ್ಟ್ ಇರುವ ಕಡೆ ಕೊಟ್ಟಿದ್ದರು. ಕೀ ತೆಗೆದರೂ ಆಂಪ್ಲಿಫೈಯರ್ ಆರುತ್ತಿರಲಿಲ್ಲ. ಸುಮ್ನೆ ಕೂತೇ ಹತ್ತಿರ ಹತ್ತಿರ 1 ಆಂಪಿಯರ್ ಎಳೆಯುತ್ತಿತ್ತು. ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಫ್ಯೂಸ್‌ನಿಂದ ರಿಮೋಟ್ ಕೊಡಿಸಿದ ಮೇಲೆ ಆ ಕಾಟ ಹೋಯಿತು. ಸ್ಪೀಕರ್ ವೈರಿನಲ್ಲಿ ಸಿಗ್ನಲ್ ಬಂದದ್ದು ನೋಡಿ ತಾನೇ ಆನ್ ಆಗುವ ಆಂಪ್ಲಿಫೈಯರ್‌ಗಳೂ ಇವೆ. ಮತ್ತೆ ಕೊಳ್ಳುವುದಾದರೆ ಅಂಥದ್ದನ್ನೇ ಕೊಳ್ಳುತ್ತೇನೆ.

ನಾಲ್ಕು ಚಾನೆಲ್ ಆಂಪ್ಲಿಫೈಯರ್ ಬಂದ ದಿನ ಸಿಳ್ಳೆಯೂ ಬಂತು. ಎಂಜಿನ್ ಆನ್ ಮಾಡಿದರೆ ಬಾಗಿಲಿನ ಸ್ಪೀಕರ್‌ನಲ್ಲಿ ಸಣ್ಣಗೆ ‘ಕುಯ್ಯ್’ ಅನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದರೆ ಸಿಳ್ಳೆಯೂ ಮೇಲಕ್ಕೆ ಏರುತ್ತದೆ. ಇದು ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಆಲ್ಟರ್ನೇಟರ್‌ನ ಸದ್ದು. ಎರಡು ಆಂಪ್ಲಿಫೈಯರ್‌ಗೂ ಅರ್ಥಿಂಗ್ ಒಂದೇ ಜಾಗದಲ್ಲಿತ್ತು. ಕಾರ್ಪೆಟ್ ಎತ್ತಿದೆ. ರಿಂಗ್ ಟರ್ಮಿನಲ್ ಪೇಂಟ್ ಮೇಲೆಯೇ ಕೂತಿತ್ತು. ಬೋಲ್ಟ್‌ನ ಮರೆಯಲ್ಲಿ ಅಷ್ಟೋ ಇಷ್ಟೋ ಲೋಹ ತಾಗಿ ಸಬ್ ಕೆಲಸ ಮಾಡುತ್ತಿತ್ತು. ಕೆಳಗಿನ ಸ್ವರಗಳನ್ನು ಮಾತ್ರ ನುಡಿಸುವ ಸಬ್‌ನಲ್ಲಿ ಆ ಸಿಳ್ಳೆ ಕೇಳಿಸಿರಲಿಲ್ಲ ಅಷ್ಟೇ. ಉಪ್ಪುಕಾಗದದಿಂದ ಆ ಜಾಗ ಉಜ್ಜಿದೆ. ಮೊದಲು ಕಾರಿನ ಬಣ್ಣದ ಪುಡಿ ಬಂತು, ಆಮೇಲೆ ಬೂದು ಪ್ರೈಮರ್, ಕೊನೆಗೆ ಬೆಳ್ಳಿಯ ಹಾಗೆ ಹೊಳೆಯುವ ಲೋಹ. ಹಲ್ಲಿರುವ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಿರಲಿ ಅಂತ ಮೇಲೆ ಸ್ವಲ್ಪ ಗ್ರೀಸ್ ಹಚ್ಚಿದೆ. ಎಂಜಿನ್ ಆನ್ ಮಾಡಿ ಕಿವಿಗೊಟ್ಟೆ. ಸಿಳ್ಳೆ ಇಲ್ಲ. ಎರಡು ವರ್ಷವಾಯಿತು, ಇಂದಿಗೂ ಇಲ್ಲ.

ಬ್ಯಾಟರಿಯಿಂದ ಬರುವ ಪವರ್ ವೈರ್ 4 ಗೇಜ್ ಶುದ್ಧ ತಾಮ್ರದ್ದು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ವೈರ್ ಹಾಕಬೇಡಿ, ಅಥವಾ ಹಾಕಿದರೆ ಇನ್ನಷ್ಟು ದಪ್ಪದ್ದು ಹಾಕಿ. ಫ್ಯೂಸ್ ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೇ ಇರಲಿ. ಆ ಫ್ಯೂಸ್ ಇರುವುದು ಆಂಪ್ಲಿಫೈಯರ್ ಕಾಯಲು ಅಲ್ಲ, ವೈರ್ ಕಾಯಲು. ಎಂಜಿನ್ ಮತ್ತು ಕಾರಿನ ಒಳಭಾಗದ ನಡುವಿನ ಗೋಡೆಯಲ್ಲಿ ವೈರ್ ಹಾಯುವ ತೂತಿಗೆ ರಬ್ಬರ್ ಗ್ರೋಮೆಟ್ (ಬಳೆ) ಇಲ್ಲದಿದ್ದರೆ ತಗಡು ಉಜ್ಜಿ ಉಜ್ಜಿ ಇನ್ಸುಲೇಷನ್ ಹರಿಯುತ್ತದೆ. ವೈರ್ ತಗಡಿಗೆ ತಾಗಿ ಶಾರ್ಟ್ ಆದರೆ ಕಾರು ಉಳಿಸುವುದು ಆ ಫ್ಯೂಸ್ ಒಂದೇ. ಈ ವಿಷಯದಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.

ಶ್ರುತಿ ಕೂಡಿಸುವ ಕೆಲಸ ನನಗೆ ತುಂಬಾ ಇಷ್ಟವಾಯಿತು. ಸಬ್‌ಗೆ ಲೋ ಪಾಸ್ 80 ಹರ್ಟ್ಜ್, ಅಂದರೆ ಅದಕ್ಕಿಂತ ಕೆಳಗಿನ ಸ್ವರ ಮಾತ್ರ. ಬಾಗಿಲಿನ ಸ್ಪೀಕರ್‌ಗಳಿಗೆ ಹೈ ಪಾಸ್ 80 ಹರ್ಟ್ಜ್, ಅಂದರೆ ಅದಕ್ಕಿಂತ ಮೇಲಿನದು ಮಾತ್ರ. ಬೇಸ್ ಭಾರ ಇಳಿದದ್ದೇ ಬಾಗಿಲಿನ ಸ್ಪೀಕರ್‌ಗಳು ಹಾಡುಗಾರರ ದನಿಯನ್ನು ಎಷ್ಟು ತಿಳಿಯಾಗಿ ಕೊಟ್ಟವು ಅಂದರೆ, ಸ್ಪೀಕರ್ ಬದಲಾಯಿಸುವ ಯೋಚನೆಯನ್ನೇ ಬಿಟ್ಟೆ. ಆಮೇಲೆ ಫೇಸ್ ಸ್ವಿಚ್, ಅಂದರೆ ಸಬ್‌ನ ಅಲೆಯನ್ನು ತಲೆಕೆಳಗು ಮಾಡುವ ಸ್ವಿಚ್. ನಾನು ಡ್ರೈವರ್ ಸೀಟಿನಲ್ಲಿ ಕೂತು, ಡಿಕ್ಕಿಯ ಹತ್ತಿರ ನಿಂತ ಗೆಳೆಯನಿಗೆ ‘ಈಗ ತಿರುಗಿಸು’ ಅಂದೆ. ಸೊನ್ನೆಯಿಂದ 180ಕ್ಕೆ ಹೋದ ತಕ್ಷಣ, ಹಿಂದಿನಿಂದ ಬರುತ್ತಿದ್ದ ಗುಂ ಗುಂ ಮುಂದಿನ ಡ್ಯಾಶ್‌ಬೋರ್ಡ್ ಮೇಲೆ ಬಂದು ಕೂತ ಹಾಗಾಯಿತು. 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ಕಡೆಯಿಂದ ಬರುತ್ತದೆ ಅಂತ ಕಿವಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಮುಂದಿನ ಸ್ಪೀಕರ್ ಜೊತೆ ಹೊಂದಿಕೊಂಡರೆ ಸಬ್ ಎಲ್ಲಿದೆ ಅನ್ನುವುದೇ ಮರೆಯುತ್ತದೆ. ನನಗೆ ಬೇಕಿದ್ದದ್ದು ಇದೇ.

ಗಡಗಡ ಸದ್ದಿನ ಜೊತೆ ಮಾತ್ರ ತಿಂಗಳುಗಟ್ಟಲೆ ಹೋರಾಡಿದೆ. 20ರಿಂದ 100 ಹರ್ಟ್ಜ್‌ವರೆಗೆ ಏರುವ ಟೋನ್ ಹಾಕಿ, ಕಾರಿನ ಸುತ್ತ ಕೈಯಿಂದ ಒತ್ತಿ ಒತ್ತಿ ನೋಡುತ್ತಾ ಹೋದೆ. 45 ಹರ್ಟ್ಜ್ ಹತ್ತಿರ ನಂಬರ್ ಪ್ಲೇಟ್ ಅದುರುತ್ತಿತ್ತು. ಹಿಂದೆ ಫೋಮ್ ಟೇಪ್ ಅಂಟಿಸಿದೆ. ಡಿಕ್ಕಿ ಬಾಗಿಲಿನ ಒಳಗೆ ಅದುರು ತಡೆಯುವ ಬ್ಯುಟೈಲ್ (ರಬ್ಬರ್) ಶೀಟ್ ಹಾಕಿದ ಮೇಲೆ ಬೇಸ್ ಇನ್ನಷ್ಟು ಬಿಗಿಯಾಯಿತು.

ಕೊರತೆಗಳೂ ಇವೆ. ಡಿಕ್ಕಿಯ ಮೂರನೇ ಒಂದು ಭಾಗ ಹೋಯಿತು. ಪೆಟ್ಟಿಗೆಯನ್ನು ಬೋಲ್ಟ್ ಹಾಕಿ ಕೂರಿಸಲೇಬೇಕು. ಅಷ್ಟು ಭಾರದ್ದು ಜೋರು ಬ್ರೇಕ್ ಹಾಕಿದಾಗ ಮುಂದಕ್ಕೆ ಹಾರಬಾರದು ಅಲ್ವಾ. ಸೀಟಿನ ಕೆಳಗಿಟ್ಟ ನಾಲ್ಕು ಚಾನೆಲ್ ಆಂಪ್ಲಿಫೈಯರ್ ಒಂದು ಸುಡುಬಿಸಿಲಿನ ದೂರ ಪ್ರಯಾಣದಲ್ಲಿ ಕಾದು ತಾನೇ ಆಫ್ ಆಯಿತು. ಕಾರ್ಪೆಟ್ ಅದರ ಮೇಲೆ ಮುಚ್ಚಿಕೊಂಡಿತ್ತು. ಸ್ವಲ್ಪ ಎತ್ತರಿಸಿ ಗಾಳಿಗೆ ಜಾಗ ಬಿಟ್ಟೆ, ಮತ್ತೆ ಆಗಲಿಲ್ಲ. ರಾತ್ರಿ ಕಾರು ನಿಂತಿರುವಾಗ ಬೇಸ್ ಜೋರಾದರೆ ಹೆಡ್‌ಲೈಟ್ ಒಂದು ಚೂರು ಮಂಕಾಗುತ್ತದೆ. ಕೆಪಾಸಿಟರ್ ಹಾಕಿಸಿ ಅಂದರು, ಹಾಕಿಸಲಿಲ್ಲ. ಅದು ಕರೆಂಟ್ ಸ್ವಲ್ಪ ಕೂಡಿಡುತ್ತದೆ ಅಷ್ಟೇ, ಶಕ್ತಿ ತಯಾರಾಗುವುದು ಆಲ್ಟರ್ನೇಟರ್‌ನಲ್ಲಿ. ಓಡುವಾಗ ಈ ತೊಂದರೆಯೇ ಇಲ್ಲ.

ಡಿಕ್ಕಿ ಪೂರ್ತಿ ಬೇಕೇ ಬೇಕು ಅನ್ನುವವರಿಗೆ ಸೀಟಿನ ಕೆಳಗಿನ 8 ಇಂಚಿನ ಸಬ್ ಸಾಕು. ಗೆಳೆಯನ ಕಾರಿನಲ್ಲಿ ಕೇಳಿದ್ದೇನೆ. ತೀರಾ ಕೆಳಗಿನ ಸ್ವರಗಳಲ್ಲಿ ದಣಿಯುತ್ತದೆ, ಉಳಿದದ್ದೆಲ್ಲ ಚೆನ್ನ.

ಮೊದಲು ಹೆದ್ದಾರಿಯಲ್ಲಿ ಟೈರ್ ಸದ್ದು ಮೀರಿಸಲು ವಾಲ್ಯೂಮ್ 22, 23 ಮಾಡುತ್ತಿದ್ದೆ. ಈಗ ಅದೇ ರಸ್ತೆ, ಅದೇ ಹಾಡು, 14ರಲ್ಲೇ ಇರುತ್ತದೆ. ಪಕ್ಕದ ಸೀಟಿನವರ ಜೊತೆ ಮಾತಾಡಲು ಕಡಿಮೆ ಮಾಡಬೇಕಾಗಿಲ್ಲ.