ಡಯೊರಾಮಾ ಮೇಲೆ ಸ್ಪ್ರೇ ಡಬ್ಬಿ ಒತ್ತುವ ಮುಂಚೆ ಇದನ್ನು ಓದಿ

ಆರು ತಿಂಗಳು ಕೂತು ಮಾಡಿದ ಕೆಲಸ ಒಂದೇ ರಾತ್ರಿಯಲ್ಲಿ ಹಾಳಾಯಿತು. ಹಾಳು ಮಾಡಿದ್ದು ಒಂದು ಮ್ಯಾಟ್ ವಾರ್ನಿಷ್ ಸ್ಪ್ರೇ. ಡಬ್ಬಿಯಲ್ಲಿ ಏನೂ ದೋಷ ಇರಲಿಲ್ಲ. ನಾನು ಅದನ್ನು ಹೊಡೆದ ದಿನವೂ ತಪ್ಪು, ಹೊಡೆದ ಜಾಗವೂ ತಪ್ಪು. ಮಾಡೆಲ್ ರೈಲಿಗೆ ಡಯೊರಾಮಾ, ಅಂದರೆ ಹಲಗೆಯ ಮೇಲೆ ಪುಟ್ಟ ದೃಶ್ಯ, ಕಟ್ಟುತ್ತಿರುವವರು, ಅದರಲ್ಲೂ ಥರ್ಮೊಕೋಲ್‌ನಂಥ ಫೋಮ್ ಮೇಲೆ ಕಟ್ಟುತ್ತಿರುವವರು, ದಯವಿಟ್ಟು ಪೂರ್ತಿ ಓದಿ.

ನನ್ನದು ಎಚ್‌ಒ ಅಳತೆ, ಅಂದರೆ 1:87. ಎರಡು ಹಳಿಗಳ ನಡುವೆ 16.5 ಮಿಲಿಮೀಟರ್. ಈ ಅಳತೆಯಲ್ಲಿ ಒಬ್ಬ ಮನುಷ್ಯ ಎರಡು ಸೆಂಟಿಮೀಟರ್ ಎತ್ತರ ಇದ್ದರೆ ಹೆಚ್ಚು. 90 ಸೆಂಟಿಮೀಟರ್ ಉದ್ದ, 40 ಸೆಂಟಿಮೀಟರ್ ಅಗಲದ ಹಲಗೆ. ಅದರ ಮೇಲೆ ಒಂದು ಸಣ್ಣ ನಿಲ್ದಾಣ, ತಗಡಿನ ಛಾವಣಿಯ ಗೋದಾಮು, ಒಂದು ಹಳ್ಳ, ಹಳ್ಳದ ಮೇಲೆ ಗರ್ಡರ್ ಸೇತುವೆ. ಸೇತುವೆ ದಾಟಿದ ಕೂಡಲೇ ಒಂದು ಪಾಯಿಂಟ್. ಅಲ್ಲಿಂದ ಒಂದು ಲೈನು ಗೋದಾಮಿನ ಕಡೆ ಕವಲೊಡೆಯುತ್ತದೆ. ಅಡಿಯಲ್ಲಿ ಪ್ಲೈವುಡ್, ಅದರ ಮೇಲೆ ಐದು ಸೆಂಟಿಮೀಟರ್ ದಪ್ಪದ ಫೋಮ್, ಫೋಮಿನ ಮೇಲೆ ತೆಳ್ಳಗೆ ಪ್ಲಾಸ್ಟರ್. ಹಳ್ಳವನ್ನು ಫೋಮಿನಲ್ಲೇ ಕೊರೆದಿದ್ದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗೋದಾಮಿನ ಛಾವಣಿಗೇ ಮೂರು ವಾರ ಹಿಡಿಯಿತು. ಮೊದಲು ಬೂದು ಅಕ್ರಿಲಿಕ್ ಬಣ್ಣ. ಅದು ಒಣಗಿದ ಮೇಲೆ ಹರಿದ ಸ್ಪಂಜಿನ ಚೂರಿನಿಂದ ಕಡು ಕಂದು ಚುಕ್ಕೆಗಳು. ಪ್ರತಿ ಚುಕ್ಕೆಯ ಕೆಳಗೆ ಮಳೆನೀರು ತುಕ್ಕನ್ನು ಎಳೆದುಕೊಂಡು ಇಳಿದ ಗೆರೆ ಬೇಕು. ಅದಕ್ಕೆ ಸೂಜಿಮೊನೆಯಷ್ಟು ಎನಾಮೆಲ್ ಬಣ್ಣ ಇಟ್ಟು, ತಿನ್ನರ್‌ನಲ್ಲಿ ಅದ್ದಿ ಒರೆಸಿದ ಬ್ರಷ್‌ನಿಂದ ಇಳಿಜಾರಿನ ಕಡೆ ಮೆಲ್ಲಗೆ ಎಳೆಯುತ್ತಾ ಹೋದೆ. ಒಂದೊಂದು ಗೆರೆಯೂ ಕೂದಲೆಳೆಯಷ್ಟು ಸಣ್ಣ. ನಿಜವಾದ ತಗಡಿನಲ್ಲಿ ತುಕ್ಕು ಮೊದಲು ಹಿಡಿಯುವುದು ಮೊಳೆಯ ಸುತ್ತ, ಕತ್ತರಿಸಿದ ಅಂಚಿನಲ್ಲಿ, ಒಂದು ತಗಡು ಇನ್ನೊಂದರ ಮೇಲೆ ಕೂರುವ ಕಡೆ. ನಾನೂ ಅಲ್ಲಲ್ಲೇ ಹಿಡಿಸಿದ್ದೆ. ಕೊನೆಗೆ ಮೆತ್ತನೆ ಬ್ರಷ್‌ನಲ್ಲಿ ತುಕ್ಕಿನ ಬಣ್ಣದ ಪುಡಿ. ಹತ್ತಿರ ಕಣ್ಣಿಟ್ಟು ನೋಡಿದರೆ ಪ್ಲಾಸ್ಟಿಕ್ ಅಂತ ನಂಬಲು ಆಗುತ್ತಿರಲಿಲ್ಲ.

ಆ ಪುಡಿ ಕೈ ತಾಗಿದರೆ ಅಳಿಸಿಹೋಗುತ್ತದೆ. ಅದು ಕೂರಲಿ, ಎಲ್ಲದರ ಹೊಳಪೂ ಒಂದೇ ಥರ ಇಳಿಯಲಿ ಅಂತ ಮ್ಯಾಟ್ ವಾರ್ನಿಷ್ ತಂದೆ. ಅವತ್ತು ಬೆಳಿಗ್ಗೆಯಿಂದ ಮಳೆ. ಗೋಡೆ ಮುಟ್ಟಿದರೆ ತಣ್ಣಗೆ, ಒದ್ದೆ ಒದ್ದೆ. ಇನ್ನೊಂದು ದಿನ ಕಾಯಬಹುದಿತ್ತು. ಕಾಯಲಿಲ್ಲ. ಕಿಟಕಿ ಮುಚ್ಚಿಕೊಂಡು ಇಡೀ ಡಯೊರಾಮಾಗೆ ಒಂದು ಸುತ್ತು ಹೊಡೆದೆ. ಹಳ್ಳಕ್ಕೆ ಮಾತ್ರ ಮೂರು ಸಲ, ದಪ್ಪಗೆ. ಮರುದಿನ ಅಲ್ಲಿ ನೀರಿನ ಹಾಗೆ ಕಾಣಲು ರೆಸಿನ್, ಅಂದರೆ ಸುರಿದ ಮೇಲೆ ಗಟ್ಟಿಯಾಗುವ ಪಾರದರ್ಶಕ ದ್ರವ, ಸುರಿಯಬೇಕಿತ್ತು. ತಳ ಭದ್ರವಾಗಲಿ ಅನ್ನುವುದು ನನ್ನ ಲೆಕ್ಕ.

ಐದು ನಿಮಿಷಕ್ಕೆ ಛಾವಣಿ ಮಂಕಾಯಿತು. ಹತ್ತು ನಿಮಿಷಕ್ಕೆ ಬೆಳ್ಳಗಾಯಿತು. ತೆಳ್ಳಗೆ ಸುಣ್ಣ ಬಳಿದ ಹಾಗೆ. ಹಳಿಯ ಪಕ್ಕದ ಜಲ್ಲಿ, ಸ್ಲೀಪರ್‌ಗಳು, ಮರಗಳು, ಎಲ್ಲದರ ಮೇಲೂ ಅದೇ ಬಿಳಿ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ತಿಳಿಯಿತು. ಸ್ಪ್ರೇಯಲ್ಲಿರುವ ದ್ರಾವಕ ಬಹಳ ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ವಾರ್ನಿಷ್ ಪದರದೊಳಗೇ ಸಿಕ್ಕಿಕೊಳ್ಳುತ್ತದೆ. ಆ ಹನಿಗಳು ಬೆಳಕನ್ನು ಚೆದುರಿಸುತ್ತವೆ. ಅದೇ ಈ ಬಿಳಿ. ಎಷ್ಟೋ ಸಲ ಇದು ಸರಿಹೋಗುವಂಥದ್ದೇ. ಒಣ ಹವೆಯ ದಿನ ಅದೇ ವಾರ್ನಿಷ್‌ನ ತೆಳು ಪದರ ಇನ್ನೊಮ್ಮೆ ಹೊಡೆದರೆ ಹಳೆಯ ಪದರ ಕರಗಿ, ಒಳಗಿನ ತೇವ ಹೊರಗೆ ಹೋಗುತ್ತದೆ. ಅಂದರೆ ನಾನು ಅವತ್ತು ಸುಮ್ನೆ ದೀಪ ಆರಿಸಿ ಎದ್ದು ಹೋಗಿದ್ದರೆ ಛಾವಣಿ ಉಳಿಯುವ ಸಾಧ್ಯತೆ ಇತ್ತು.

ನಾನು ಮಾಡಿದ್ದೇ ಬೇರೆ. ಗಾಬರಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬಟ್ಟೆ ಅದ್ದಿ ಒರೆಸಿದೆ. ಪ್ಲಾಸ್ಟಿಕ್ ಮೇಲಿನ ಅಕ್ರಿಲಿಕ್ ಬಣ್ಣ ಕಿತ್ತು ತೆಗೆಯಲು ಜನ ಬಳಸುವುದೇ ಅದನ್ನು. ಅದು ನನಗೂ ಗೊತ್ತಿತ್ತು. ಆ ಕ್ಷಣಕ್ಕೆ ನೆನಪಾಗಲಿಲ್ಲ. ಅಡಿಯ ಬೂದು ಬಣ್ಣ ಬಟ್ಟೆಗೆ ಎದ್ದು ಬಂತು, ಅದರ ಜೊತೆ ಮೇಲಿನ ತುಕ್ಕೂ. ಮೂರು ವಾರದ ಗೆರೆಗಳು ಬಟ್ಟೆಯಲ್ಲಿ ಕಂದು ಕಲೆಯಾಗಿ ಉಳಿದವು. ನಿಮಗೂ ಇಂಥದ್ದಾದರೆ ಮೊದಲು ಕೈ ಹಿಂದೆ ತೆಗೆದುಕೊಳ್ಳಿ. ಒಂದು ದಿನ ಅದನ್ನು ಮುಟ್ಟಲೇಬೇಡಿ.

ಛಾವಣಿ ಹೋದರೆ ಹೋಗಲಿ, ಇನ್ನೊಂದು ಮಾಡಬಹುದು. ದೊಡ್ಡ ನಷ್ಟ ಹಳ್ಳದಲ್ಲಿ ಕಾದಿತ್ತು. ಅದು ಮೇಲಿನಿಂದ ಕಾಣುತ್ತಲೇ ಇರಲಿಲ್ಲ.

ಥರ್ಮೊಕೋಲ್ ಅಂದರೆ ಪಾಲಿಸ್ಟೈರಿನ್. ಕಟ್ಟಡಗಳಿಗೆ ಬಳಸುವ ಗಟ್ಟಿ ಫೋಮ್ ಹಲಗೆಯೂ ಎಷ್ಟೋ ಸಲ ಅದೇ. ಸ್ಪ್ರೇ ಡಬ್ಬಿಗಳಲ್ಲಿರುವ ದ್ರಾವಕಗಳು, ಎಷ್ಟೋ ಸಲ ಅದನ್ನು ಹೊರದೂಡುವ ಅನಿಲ ಕೂಡ, ಪಾಲಿಸ್ಟೈರಿನ್ ಅನ್ನು ಕರಗಿಸುತ್ತವೆ. ಇದು ಈ ಹವ್ಯಾಸದಲ್ಲಿರುವ ಎಲ್ಲರಿಗೂ ಗೊತ್ತು. ಪ್ಲಾಸ್ಟರ್ ಹಾಕಿದ್ದೇನೆ, ಮೇಲೆ ಬಣ್ಣವೂ ಇದೆ, ಇನ್ನೇನು ಭಯ ಅಂದುಕೊಂಡಿದ್ದೆ. ಆದರೆ ತೆಳ್ಳಗಿನ ಪ್ಲಾಸ್ಟರ್ ಒಣಗುವಾಗ ಬಿರುಕು ಬಿಡುತ್ತದೆ. ಗುಳ್ಳೆ ಒಡೆದ ಕಡೆ ಸೂಜಿತೂತು ಉಳಿಯುತ್ತದೆ. ಹಳ್ಳದ ದಡದಲ್ಲಿ ಅಂಥ ತೂತುಗಳಿದ್ದವು. ಮೂರು ಸಲ ದಪ್ಪಗೆ ಹೊಡೆದ ವಾರ್ನಿಷ್ ತಗ್ಗಿನಲ್ಲಿ ನಿಂತು, ಆ ತೂತುಗಳಲ್ಲಿ ಇಳಿದು, ಒಳಗಿನ ಫೋಮ್ ತಿಂದಿತು. ಹೊಡೆಯುವಾಗ ಸಣ್ಣದಾಗಿ ಚಿಟಿಚಿಟಿ ಸದ್ದು ಬಂದಿತ್ತು. ಪ್ಲಾಸ್ಟರ್ ಹೀರಿಕೊಳ್ಳುತ್ತಿದೆ ಅಂತ ಬಿಟ್ಟುಬಿಟ್ಟೆ.

ಮರುದಿನ ಸಂಜೆ ಎಪಾಕ್ಸಿ ರೆಸಿನ್ ಕಲಸಿ ಸುರಿದೆ. ಮೇಲ್ಭಾಗ ಕನ್ನಡಿಯ ಹಾಗೆ ನಿಂತಿತು. ಬೆಳಿಗ್ಗೆ ಎದ್ದು ನೋಡಿದರೆ ಹಳ್ಳ ಅರ್ಧ ಖಾಲಿ. ದಡದ ಮೇಲೆ ಹೆಬ್ಬೆರಳು ಒತ್ತಿದೆ. ಮೊಟ್ಟೆಯ ಚಿಪ್ಪಿನ ಹಾಗೆ ಪ್ಲಾಸ್ಟರ್ ಮುರಿದು ಬೆರಳು ಒಳಗೆ ಹೋಯಿತು. ಕೆಳಗೆ ಮುಷ್ಟಿ ಹಿಡಿಯುವಷ್ಟು ಟೊಳ್ಳು.

ರೆಸಿನ್ ಆ ಟೊಳ್ಳಿಗೆ ಇಳಿದಿತ್ತು. ಅಲ್ಲಿ ದಪ್ಪಗೆ ಸೇರಿದ್ದರಿಂದ ಚೆನ್ನಾಗಿ ಬಿಸಿಯೇರಿತ್ತು. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ತೆಳು ಪದರವಾದರೆ ಆ ಬಿಸಿ ಗಾಳಿಗೆ ಹೋಗುತ್ತದೆ. ಒಂದೇ ಕಡೆ ಗುಡ್ಡೆಯಾದರೆ, ಅದೂ ಸುತ್ತ ಫೋಮ್ ಇದ್ದರೆ, ಹೋಗಲು ದಾರಿಯೇ ಇಲ್ಲ. ಪಾಲಿಸ್ಟೈರಿನ್ ಸುಮಾರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೆತ್ತಗಾಗುತ್ತದೆ. ಟೊಳ್ಳಿನ ಗೋಡೆ ಇನ್ನಷ್ಟು ಕುಸಿದಿತ್ತು. ಅಲ್ಲಿಂದ ರೆಸಿನ್, ಪಾಯಿಂಟ್‌ನ ಹಳಿ ಸರಿಸುವ ಮೋಟರ್‌ಗೆಂದು ಕೊರೆದ ತೂತು ಹಿಡಿದು, ವೈರಿನ ಮೇಲೇ ಹರಿದು, ಹಲಗೆಯ ಅಡಿಗೆ ಬಂದಿತ್ತು. ಮೋಟರ್ ಈಗ ಗಾಜಿನೊಳಗೆ ಹೂತಿಟ್ಟ ಹಾಗಿದೆ. ಪಾಯಿಂಟ್‌ನ ಸರಿಯುವ ಹಳಿ ಒಂದು ಕೂದಲೂ ಅಲುಗುವುದಿಲ್ಲ. ಸೇತುವೆಯ ಒಂದು ಕಂಬ ವಾಲಿದೆ.

ಈಗ ನಾನು ಏನೇನು ಬದಲಿಸಿದ್ದೇನೆ ಅಂತ ಹೇಳುತ್ತೇನೆ. ಡಯೊರಾಮಾದ ನೆಲದ ಮೇಲೆ ಸ್ಪ್ರೇ ಡಬ್ಬಿ ಪೂರ್ತಿ ಬಂದ್. ನೆಲಕ್ಕೆ ನೀರಿನ ಮ್ಯಾಟ್ ವಾರ್ನಿಷ್, ಬ್ರಷ್‌ನಲ್ಲಿ. ಕಟ್ಟಡ, ವ್ಯಾಗನ್, ಸೇತುವೆ, ಯಾವುದನ್ನೂ ಮುಂಚೆಯೇ ಅಂಟಿಸುವುದಿಲ್ಲ. ಅವುಗಳಿಗೆ ಸ್ಪ್ರೇ ಬೇಕೇ ಬೇಕು ಅಂದರೆ ಬೇರೆ ಕಡೆ ಇಟ್ಟು, ಒಣ ಹವೆಯಲ್ಲಿ ಹೊಡೆದು, ಪೂರ್ತಿ ಆರಿದ ಮೇಲೆ ತಂದು ಕೂರಿಸುವುದು. ಪ್ಲಾಸ್ಟರ್ ಹಾಕುವ ಮುಂಚೆಯೇ ಫೋಮಿಗೆ ನೀರಿನ ಗೋಡೆ ಬಣ್ಣ ಎರಡು ಕೋಟು. ರೆಸಿನ್ ಸುರಿಯುವ ಮುಂಚೆ ಅದೇ ರೆಸಿನ್ನನ್ನು ಬ್ರಷ್‌ನಲ್ಲಿ ತಳಕ್ಕೂ ದಡಕ್ಕೂ ತೆಳ್ಳಗೆ ಬಳಿದು ಒಂದು ದಿನ ಬಿಡುವುದು. ಸೋರುವುದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೂ ಡಬ್ಬಿಯ ಮೇಲೆ ಬರೆದ ದಪ್ಪ ಮೀರದ ಹಾಗೆ ಪದರ ಪದರವಾಗಿ. ಪಾಲಿಯೆಸ್ಟರ್ ರೆಸಿನ್ ಕೊಂಡವರು ಜೋಪಾನ, ಅದು ಫೋಮನ್ನು ತಾನೇ ಕರಗಿಸುತ್ತದೆ.

ಇನ್ನು ಪುಡಿಯ ವಿಷಯ. ವಾರ್ನಿಷ್ ಹೊಡೆದರೆ ಪುಡಿಯ ಬಣ್ಣ ಅರ್ಧಕ್ಕರ್ಧ ಮಾಯವಾಗುತ್ತದೆ, ಒಣ ಮರಳಿಗೆ ನೀರು ಬಿದ್ದ ಹಾಗೆ. ಕೈ ತಾಗದ ಜಾಗವಾದರೆ ವಾರ್ನಿಷ್ ಇಲ್ಲದೆ ಹಾಗೇ ಬಿಡುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಸೂಪರ್ ಗ್ಲೂ ಬಗ್ಗೆಯೂ ಒಂದು ಮಾತು. ಅದರ ಆವಿ ಕಿಟಕಿಯ ಗಾಜಿನಂಥ ತೆಳು ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕೂರಿಸುತ್ತದೆ. ಕಿಟಕಿಗೆ ಬಿಳಿ ಗೋಂದು ಸಾಕು, ಆರಿದ ಮೇಲೆ ಅದು ಕಾಣುವುದಿಲ್ಲ.

ಕಿಟಕಿ ಮುಚ್ಚಿ ಸ್ಪ್ರೇ ಹೊಡೆದೆ ಅಂತ ಬರೆದೆನಲ್ವಾ, ಅವತ್ತು ರಾತ್ರಿಯಿಡೀ ತಲೆನೋವಿತ್ತು. ಧೂಳಿನ ಮಾಸ್ಕ್ ಹಾಕಿಕೊಂಡಿದ್ದೆ. ಅದು ಬಣ್ಣದ ಕಣ ತಡೆದೀತು, ದ್ರಾವಕದ ಆವಿ ತಡೆಯುವುದಿಲ್ಲ. ಆವಿಗೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಬೇಕು, ಜೊತೆಗೆ ಗಾಳಿ ಆಡುವ ಜಾಗ. ಗಟ್ಟಿಯಾಗದ ಎಪಾಕ್ಸಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೆಲವರ ಚರ್ಮಕ್ಕೆ ಅದು ಅಲರ್ಜಿ ತರುತ್ತದೆ, ಒಮ್ಮೆ ಬಂದ ಅಲರ್ಜಿ ಸಾಮಾನ್ಯವಾಗಿ ಹೋಗುವುದಿಲ್ಲ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ.

ಎಲ್ಲಕ್ಕಿಂತ ಮೊದಲು ಒಂದು ತುಂಡು ಹಲಗೆ ಇಟ್ಟುಕೊಳ್ಳಿ. ಅಂಗೈಯಷ್ಟು ಸಾಕು. ಡಯೊರಾಮಾದಲ್ಲಿ ಏನೇನು ಹಾಕುತ್ತೀರೋ ಅದನ್ನೆಲ್ಲ ಅದೇ ಕ್ರಮದಲ್ಲಿ ಅದರ ಮೇಲೂ ಹಾಕಿ. ಫೋಮ್, ಪ್ಲಾಸ್ಟರ್, ಬಣ್ಣ, ಗೋಂದು, ವಾರ್ನಿಷ್, ರೆಸಿನ್. ಪ್ರತಿ ಹೊಸ ಪದರ ಮೊದಲು ಅಲ್ಲಿ, 24 ಗಂಟೆ ಬಿಟ್ಟು ಹೆಬ್ಬೆರಳಿನಿಂದ ಒತ್ತಿ ನೋಡಿ, ಆಮೇಲೆ ಡಯೊರಾಮಾಗೆ. ನನ್ನ ಹತ್ತಿರ ಅಂಥ ತುಂಡು ಇರಲಿಲ್ಲ. ಈಗ ಮೇಜಿನ ಮೇಲೆ ಮೂರಿವೆ.

ಹಳ್ಳದ ಭಾಗವನ್ನು ಗರಗಸದಿಂದ ಕತ್ತರಿಸಿ ತೆಗೆದಿದ್ದೇನೆ. ನಿಲ್ದಾಣ ಉಳಿದಿದೆ. ಹಳಿ ಮುಕ್ಕಾಲು ಪಾಲು ಉಳಿದಿದೆ. ಪಾಯಿಂಟನ್ನು ಮುರಿಯದೆ ರೆಸಿನ್ ಬಿಡಿಸಲು ಯಾರಿಗಾದರೂ ಆಗಿದ್ದರೆ ಹೇಗೆ ಮಾಡಿದಿರಿ ಅಂತ ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಅದನ್ನು ಮುಟ್ಟುವುದಿಲ್ಲ.